ಹೊತ್ತು ಹೊತ್ತವರು

ಲಿಯೆಪಾಯದಲ್ಲಿ ಜನವರಿಯ ಇರುಳಿಗೆ ಹದಿನೇಳು ತಾಸು.
ವಿದ್ಯುತ್ ಜಾಲದ ಕಾವಲು ಕೋಣೆಯಲ್ಲಿ ನಾವಿಬ್ಬರೇ,
ನಾನು ಮತ್ತು ಸ್ಕೈದ್ರೀತೆ.
ಒಂದು ಕಾಲಕ್ಕೆ ರೈಲು ನಿಲ್ದಾಣಗಳ ಗಡಿಯಾರಕ್ಕೆ
ಏಣಿ ಹತ್ತಿ ಎಣ್ಣೆ ಬಿಟ್ಟವಳು, ಹಲ್ಲಲ್ಲಿ ತಿರುಪುಳಿ ಕಚ್ಚಿ.
ಈಗ ಮಂಡಿ ನೋವು. ಏಣಿಯೂ ಬೇಕಿಲ್ಲ:
ಹೊತ್ತು ಬರುವುದು ಕೇಬಲ್ಲಿನಲ್ಲಿ.

ಬರುವುದೆಂದರೆ ಹೀಗೆ. ನಮ್ಮ ಯಂತ್ರ ಸೆಕೆಂಡಿಗೊಮ್ಮೆ
ದೂರದ ನಾಲ್ಕು ಮನೆಗಳ ಕದ ತಟ್ಟುತ್ತದೆ:
ಈಗ ಎಷ್ಟು ಹೊತ್ತು?
ಉತ್ತರ ಹಾದಿ ಸವೆಸಿ ಬರುವಷ್ಟರಲ್ಲಿ
ಆ 'ಈಗ' ಹಳಸಿರುತ್ತದೆ.
ಅದಕ್ಕೇ ಯಂತ್ರ ಹೋಗಿ ಬಂದ ತಡವನ್ನು ಅಳೆದು
ಸರಿಯಾಗಿ ಎರಡು ಪಾಲು ಮಾಡುತ್ತದೆ,
ಹೋದ ದಾರಿ, ಬಂದ ದಾರಿ
ಒಂದೇ ಉದ್ದ ಎಂದು ನಂಬಿ.
ಇಡೀ ಲೆಕ್ಕದಲ್ಲಿ ನಂಬಿಕೆ ಇರುವುದು ಅಲ್ಲೊಂದೇ ಕಡೆ.
ಕಳ್ಳ ಕಾಲಿಟ್ಟದ್ದೂ ಅಲ್ಲೇ.

ಅವನು ಓಲೆ ಒಡೆಯಲಿಲ್ಲ. ಅರಗಿನ ಮುದ್ರೆ ಮುಟ್ಟಲಿಲ್ಲ.
ಒಂದಕ್ಷರ ತಿದ್ದಲಿಲ್ಲ.
ಹೊತ್ತನ್ನು ಹೊತ್ತು ತರುವವನ ತೋಳು ಹಿಡಿದು
ದಾರಿಯಲ್ಲಿ ಚೂರು ನಿಲ್ಲಿಸಿಕೊಂಡ, ಅಷ್ಟೇ,
ಹಳೆಯ ಗೆಳೆಯನಂತೆ.
ಮುದ್ರೆ ಸರಿ, ಸಹಿ ಸರಿ, ಬೀಗ ಸರಿ.
ತಡವಾಗಿ ಬಂದ ನಿಜ
ಒಳಗೆ ಬಂದು ಸುಳ್ಳಾಗಿ ಕೂತಿತು.

ಮೊದಲು ಒಂದು ಮೈಕ್ರೋಸೆಕೆಂಡು. ಆಮೇಲೆ ಎರಡು.
ಎವೆ ಇಕ್ಕುವಷ್ಟರಲ್ಲಿ ಅಂಥವು ಲಕ್ಷ ಕಳೆಯುತ್ತವೆ,
ಯಾರು ಎಣಿಸಿಯಾರು?
ಹನಿ ಹನಿ ಕೂಡಿದರೆ ಹಳ್ಳ ಎನ್ನುವಾಗ
ಹನಿ ಯಾರ ಮನೆಯ ನೀರೆಂದು ಯಾರೂ ಕೇಳುವುದಿಲ್ಲ.

"ನೋಡಿಲ್ಲಿ," ಅಂದಳು ಸ್ಕೈದ್ರೀತೆ, ಕಪ್ಪು ರೊಟ್ಟಿ ಅಗಿಯುತ್ತ.
ಎರಡು ಮನೆಯವರದು ಒಂದು ಮಾತು, ಇನ್ನೆರಡರದು ಇನ್ನೊಂದು.
ನಡುವೆ ಹನ್ನೊಂದು ಮೈಕ್ರೋಸೆಕೆಂಡು.
ಮೂವರು ಸೇರಿ ಒಬ್ಬನನ್ನು ಸುಳ್ಳ ಎನ್ನಬಹುದು;
ಇಬ್ಬರೆದುರು ಇಬ್ಬರು ನಿಂತರೆ
ಪಂಚಾಯಿತಿ ಮುರಿಯುತ್ತದೆ.
ಆ ಕಡೆ ಊರಾಚೆಯ ತಂತಿಯ ಎರಡು ತುದಿಗಳು
ತಮ್ಮ ತಮ್ಮ 'ಈಗ' ಹಿಡಿದು ಹೋಲಿಸುತ್ತಿದ್ದವು.
ಬಿರುಕು ಇನ್ನಷ್ಟು ಬೆಳೆದರೆ
ಇಲ್ಲದ ಬೆಂಕಿಗೆ ಬೆದರಿ ಬಾಗಿಲು ಹಾಕಿಕೊಳ್ಳುತ್ತವೆ;
ಆಸ್ಪತ್ರೆ, ಟ್ರಾಮು, ಹೆರಿಂಗ್ ಮೀನಿನ ಶೀತಲ ಗೋದಾಮು,
ಕತ್ತಲಿಗೆ ಹೆದರುವ ನನ್ನ ಮಗಳ ಪುಟ್ಟ ಹಸಿರು ದೀಪ.

"ಯಾವ ಇಬ್ಬರು ಒಂದೇ ಹಾದಿಯಲ್ಲಿ ಬರುತ್ತಾರೆ?"
ನಕ್ಷೆ ಬಿಡಿಸಿದೆ. ಬಂದರಿನಡಿಯ ಒಂದು ಪೆಟ್ಟಿಗೆ.
ಅವಳು ಇನ್ನೇನೂ ಕೇಳಲಿಲ್ಲ. ನಾಲ್ಕೂ ಕದ ಮುಚ್ಚಿದಳು,
ಒಳ್ಳೆಯವರದ್ದೂ.

ನೆಲಮಾಳಿಗೆಯಲ್ಲಿ ಒಂದು ರುಬಿಡಿಯಂ ಗಡಿಯಾರ,
ಬುತ್ತಿ ಡಬ್ಬಿಯಷ್ಟು.
ಅದಕ್ಕೆ ಕಿವಿ ಮಂದ. ಹೊರಗಿನ ಮಾತು
ದಿನಗಟ್ಟಲೆ ಕೇಳಿಸಿಕೊಂಡು ಆಮೇಲೆ ತಲೆಯಾಡಿಸುತ್ತದೆ;
ಇವತ್ತಿನ ಪಿಸುಗುಟ್ಟುವಿಕೆ ಅದನ್ನಿನ್ನೂ ಮುಟ್ಟಿರಲಿಲ್ಲ.
ಬಿಟ್ಟರೆ ಅದೂ ಜಾರುತ್ತದೆ, ವಾರದ ಮೇಲೆ ನಂಬುವ ಹಾಗಿಲ್ಲ.
ಬೆಳಗಿನ ತನಕ ಸಾಕು.
ಆ ರಾತ್ರಿ ಊರಿಗೆ ಊರೇ
ಒಂದು ಕಿವುಡು ಡಬ್ಬಿಯ ನೆನಪಿನ ಮೇಲೆ ಉರಿಯಿತು.

ಅವಳ ಕೈಗಡಿಯಾರ ಯಾವಾಗಲೂ ಐದು ನಿಮಿಷ ಮುಂದೆ.
ಯಾಕೆಂದು ಅವತ್ತು ಕೇಳಿಯೇ ಬಿಟ್ಟೆ.
"ನಾನೇ ಇಟ್ಟದ್ದು. ಸಾಕಿದ ಸುಳ್ಳು ಕಚ್ಚುವುದಿಲ್ಲ."

ಬೆಳಗಾಯಿತು, ಅಂದರೆ ಇನ್ನೂ ಕತ್ತಲೆ, ಮೊದಲ ಟ್ರಾಮು ಹೊರಟಿತು.
ಯಾರಿಗೂ ಏನೂ ಆಗಿರಲಿಲ್ಲ.
ರೀಗಾದಿಂದ ನಮೂನೆ ಬಂತು, ಭರ್ತಿ ಮಾಡಲು.
ಸ್ಥಳ. ಯಂತ್ರದ ಸಂಖ್ಯೆ.
ದಾಳಿ ಶುರುವಾದ ಸಮಯ.
ನನ್ನ ಬೆರಳು ಅಲ್ಲಿ ನಿಂತಿತು.
ದಾಖಲೆ ತಿರುವಿದೆ. ನಡುರಾತ್ರಿಯ ತನಕ ಪ್ರತಿ ಸಾಲಿನಲ್ಲೂ
ವ್ಯತ್ಯಾಸ ಸೊನ್ನೆ, ಸೊನ್ನೆ, ಸೊನ್ನೆ.
ದಾರಿ ತಪ್ಪಿದ ಗಡಿಯಾರ
ತನ್ನ ತಪ್ಪನ್ನು ತಾನೇ ಬರೆಯುವುದುಂಟೆ?
ಸ್ಕೈದ್ರೀತೆ ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು
ಎರಡೇ ಬೆರಳಲ್ಲಿ ಒತ್ತಿದಳು:
ಗಾಳಿ ಕಡಲ ಕಡೆಗೆ ತಿರುಗಿದ ಮೇಲೆ.
ಎರಡನೇ ಚಹಾಕ್ಕೆ ಮೊದಲು.